ಧಾರವಾಡದಿಂದ ಹುಬ್ಬಳ್ಳಿಗೆ, ದೀರ್ಘಶಾಂತಿಯಿಂದ

ಚಳಿಗಾಲದಲ್ಲಿ ನವಲೂರು ದಾಟುವಾಗ ರಸ್ತೆ ಬದಿಗೆ ಪೇರಲಹಣ್ಣಿನ ಬುಟ್ಟಿಗಳು ಸಾಲುಗಟ್ಟಿರುತ್ತವೆ. ಹುಬ್ಬಳ್ಳಿ–ಧಾರವಾಡ ನಡುವೆ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಜನವರಿ 31, ಬುಧವಾರ. ಮುಂಜಾನೆ ಒಂಬತ್ತೂವರೆ ಆಗಿತ್ತು. ನಾನು ಹತ್ತಕ್ಕೆ ಕೇಶ್ವಾಪುರದ ಆಫೀಸಿನಲ್ಲಿರಬೇಕು. ಅದಕ್ಕೂ ಮೊದಲು ಅಪ್ಪನನ್ನು ಮೊಣಕಾಲಿನ ಫಿಸಿಯೋಥೆರಪಿಗೆ ವಿದ್ಯಾನಗರದಲ್ಲಿ ಇಳಿಸಬೇಕು. ಅಷ್ಟರಲ್ಲಿ ನನ್ನ ಮುಂದಿದ್ದ ಟಾಟಾ ಏಸ್ ಗಕ್ಕನೆ ನಿಂತಿತು.

ಬಲಗಡೆ ಚಿಗರಿ ಅನ್ನುವ ನಗರ ಬಸ್ಸುಗಳಿಗೇ ಮೀಸಲಾದ ದಾರಿಗೆ ಹಾಕಿದ ಕಂಬಿಗಳು, ಎಡಗಡೆ ಬುಟ್ಟಿಗಳು, ಹಿಂದೆ ಒಂದು ಲಾರಿ. ಎಲ್ಲಿಗೂ ತಿರುಗಿಸಲು ಬರುವಂತಿರಲಿಲ್ಲ. ಎರಡು ಸಲ ಸಣ್ಣಗೆ ಹಾರ್ನ್ ಹೊಡೆದೆ. ಏಸ್ ಅಲುಗಲಿಲ್ಲ. ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ, ಅಂಗೈ ಅಗಲಿಸಿ, ತಡೆಯಿರಿ ಅಂತ ತೋರಿಸಿದ. ನನಗೆ ಅದು ಸೊಕ್ಕಿನಂತೆ ಕಂಡಿತು. ಅಂಗೈಯನ್ನು ಹಾರ್ನ್ ಮೇಲೆ ಒತ್ತಿ ಹಿಡಿದೆ, ತೆಗೆಯಲೇ ಇಲ್ಲ.

ಏಸಿನ ಮೂತಿಯ ಮುಂದಿನಿಂದ ಒಬ್ಬ ಮುದುಕಿ ಮೇಲೆದ್ದಳು. ಸೆರಗಿನಲ್ಲಿ ಪೇರಲಹಣ್ಣು ತುಂಬಿಕೊಂಡಿದ್ದಳು. ಬುಟ್ಟಿ ಉರುಳಿ ಹಣ್ಣೆಲ್ಲ ರಸ್ತೆಗೆ ಚೆಲ್ಲಿದ್ದವು, ಅವಳು ಕುಕ್ಕರಗಾಲಲ್ಲಿ ಕೂತು ಆರಿಸುತ್ತಿದ್ದಳು, ಆ ಡ್ರೈವರ್ ಅವಳಿಗಾಗಿ ಗಾಡಿ ನಿಲ್ಲಿಸಿದ್ದ. ನನ್ನ ಹಾರ್ನಿಗೆ ಅವಳು ಬೆದರಿ ತಿರುಗಿದಳು, ಕಾಲು ಹೊರಳಿತು, ಒಂದು ಮೊಣಕಾಲು ಡಾಂಬರಿಗೆ ಬಡಿಯಿತು. ಸೆರಗಿನ ಹಣ್ಣು ಮತ್ತೆ ಚೆಲ್ಲಿದವು. ಒಂದು ಹಣ್ಣು ಉರುಳುತ್ತ ಬಂದು ನನ್ನ ಗಾಲಿಯ ಹತ್ತಿರ ಒಡೆಯಿತು. ಒಳಗಿನ ಕೆಂಪು ತಿರುಳು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಏಸ್ ಹೊರಟಿತು. ಅಪ್ಪ ಅಂದರು, "ನಿಲ್ಲಸವ್ವಾ. ಕೆಳಗಿಳದು ನೋಡು."

"ಹೊತ್ತಾಗೈತಿ ಅಪ್ಪಾ" ಅಂದೆ. ಗಾಡಿ ನಿಲ್ಲಿಸಲಿಲ್ಲ.

ವಿದ್ಯಾನಗರ ಬರುವವರೆಗೂ ಅಪ್ಪ ಮಾತಾಡಲಿಲ್ಲ. ಇಳಿಯುವಾಗ ಬಾಗಿಲು ಹಿಡಿದು ನಿಂತು ಇಷ್ಟೇ ಹೇಳಿದರು: "ಎಂಟು ಸೆಕೆಂಡ್ ಹೊಡದಿ. ನಾ ಎಣಿಸೀನಿ."

ಅಪ್ಪ ಹುಬ್ಬಳ್ಳಿಯ ರೈಲ್ವೆಯಲ್ಲಿ ಲೋಕೋ ಪೈಲಟ್, ಅಂದರೆ ರೈಲು ಓಡಿಸುವವರು, ಆಗಿ ನಿವೃತ್ತರಾದವರು. ಸೆಕೆಂಡ್ ಎಣಿಸುವುದು ಅವರಿಗೆ ಉಸಿರಾಡಿದಷ್ಟು ರೂಢಿ. ನನ್ನ ಡ್ರೈವಿಂಗಿಗೆ ಅವರು ಮೊದಲೇ ಹೆಸರಿಟ್ಟಿದ್ದರು, ಯೇಹುವಿನ ರಥ ಅಂತ. ಬೈಬಲಿನ ಎರಡನೆಯ ಅರಸುಗಳು ಪುಸ್ತಕದಲ್ಲಿ ಕಾವಲುಗಾರ ಗೋಪುರದ ಮೇಲಿಂದ ದೂರದ ಗುಂಪು ನೋಡಿ, ಹುಚ್ಚು ಹಿಡಿದವನಂತೆ ಓಡಿಸುತ್ತಿದ್ದಾನೆ, ಯೇಹುವೇ ಇರಬೇಕು ಅನ್ನುತ್ತಾನಲ್ಲ, ಅದು. ಮನೆಯಲ್ಲಿ ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ಬುಧವಾರದ ನಂತರ ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ.

ಆ ರಾತ್ರಿ ಕುಟುಂಬ ಪ್ರಾರ್ಥನೆಗೆ ಕೂತಾಗ ಅಪ್ಪ ಸತ್ಯವೇದ, ಅಂದರೆ ಬೈಬಲ್, ತೆಗೆದು, ಆ ದಿನದ ಪಾಠ ಬಿಟ್ಟು, ಅರಣ್ಯಕಾಂಡದ 22ನೆಯ ಅಧ್ಯಾಯ ಓದಿದರು. ಬಿಳಾಮನೆಂಬ ಪ್ರವಾದಿ ಕತ್ತೆಯ ಮೇಲೆ ಹೊರಟಿದ್ದಾನೆ. ಕತ್ತೆ ಮೊದಲು ದಾರಿ ಬಿಟ್ಟು ಹೊಲಕ್ಕೆ ಇಳಿಯುತ್ತದೆ, ಆಮೇಲೆ ಗೋಡೆಗೆ ಒತ್ತಿ ಅವನ ಕಾಲು ಜಜ್ಜುತ್ತದೆ, ಕೊನೆಗೆ ತಿರುಗಲು ಜಾಗವಿಲ್ಲದ ಇಕ್ಕಟ್ಟಿನಲ್ಲಿ ಕೂತುಬಿಡುತ್ತದೆ. ಮೂರು ಸಲವೂ ಬಿಳಾಮ ಅದನ್ನು ಹೊಡೆಯುತ್ತಾನೆ. ದಾರಿಯಲ್ಲಿ ಕತ್ತಿ ಹಿರಿದು ನಿಂತ ದೇವದೂತ ಕತ್ತೆಗೆ ಕಾಣುತ್ತಾನೆ, ಪ್ರವಾದಿಗೆ ಕಾಣುವುದಿಲ್ಲ. ನಾನು ನಿನಗೆ ಏನು ಮಾಡಿದೆನೆಂದು ಮೂರು ಸಲ ಹೊಡೆದೆ ಅಂತ ಕತ್ತೆ ಬಾಯಿಬಿಟ್ಟು ಕೇಳುತ್ತದೆ. ಅಪ್ಪ ಅಲ್ಲಿಗೆ ಪುಸ್ತಕ ಮುಚ್ಚಿದರು. ವಿವರಣೆ ಕೊಡಲಿಲ್ಲ. ಭಾನುವಾರಶಾಲೆಯ ದಿನಗಳಿಂದ ಕೇಳಿದ ಕಥೆ ಅದು, ಆದರೆ ಮುಂದೆ ನಿಂತವರಿಗೆ ಕಾಣುವುದು ಹಿಂದಿದ್ದವರಿಗೆ ಕಾಣುವುದಿಲ್ಲ ಎಂಬ ಮಾತು ಅದರಲ್ಲಿದೆ ಅಂತ ನನಗೆ ತಿಳಿದದ್ದು ಅವತ್ತು.

ಎರಡು ವಾರಕ್ಕೆ ಬೂದಿ ಬುಧವಾರ ಬಂತು, ಫೆಬ್ರವರಿ 14. ಈಸ್ಟರಿಗೆ ಮುಂಚಿನ ಉಪವಾಸಕಾಲವಾದ ಲೆಂಟ್ ಶುರುವಾಗುವುದು ಅವತ್ತು. ನಮ್ಮ ಮನೆಯಲ್ಲಿ ಲೆಂಟ್ ಅಂದರೆ ನಲವತ್ತು ದಿನ ಮಟನ್ ಇಲ್ಲ, ಚಹಾಕ್ಕೆ ಸಕ್ಕರೆ ಇಲ್ಲ. ಈ ಸಲ ನಾನು ಏನು ಬಿಡಲಿ ಅಂತ ಅಪ್ಪನನ್ನು ಕೇಳಿದೆ. "ಮಟನ್ ಬಿಡೂದು ನಿನಗ ಸಸ್ತಾ ಆಗೈತಿ" ಅಂದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅವರೇ ಮಾತು ತೆಗೆದರು.

"ಗೇಟ್ ಬರೂಕಿಂತ ಮೊದಲ ಹಳಿ ಮಗ್ಗಲಿಗೆ ಒಂದು ಹಳದಿ ಹಲಗಿ ಇರತೈತಿ. ಡಬ್ಲ್ಯೂ ಎಲ್ ಅಂತ ಬರದಿರತಾರ, ಹಿಂದಿಯೊಳಗ ಸೀ ಫಾ ಅಂತ. ಅಲ್ಲಿಂದ ಸೀಟಿ ಹೊಡಕೋತ ಬರಬೇಕು. ಹಳಿ ದಾಟಾವ ಬದುಕಲಿ ಅಂತ ಆ ಸೀಟಿ. ನೀ ಅವತ್ತ ಹೊಡದಿದ್ದು ಯಾರು ಬದುಕಲಿ ಅಂತ?"

ಉತ್ತರ ಇರಲಿಲ್ಲ. ಈ ನಲವತ್ತು ದಿನ ಸಿಟ್ಟಿನಿಂದ ಹಾರ್ನ್ ಮುಟ್ಟುವುದಿಲ್ಲ, ರಸ್ತೆಯಲ್ಲಿ ಎದುರಾದ ಯಾರನ್ನೂ ಬಾಯಲ್ಲಾಗಲಿ ಮನಸ್ಸಿನಲ್ಲಾಗಲಿ ಬೈಯುವುದಿಲ್ಲ, ನವಲೂರಿನ ಆ ಮುದುಕಿಯನ್ನು ಹುಡುಕಿ ತಪ್ಪೊಪ್ಪಿಕೊಳ್ಳುತ್ತೇನೆ ಅಂತ ತೀರ್ಮಾನ ಮಾಡಿದೆ. ಕಾಣಿಕೆ ತಂದು ಯಜ್ಞವೇದಿಯ ಮುಂದೆ ನಿಂತಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಇಟ್ಟು ಮೊದಲು ಹೋಗಿ ಒಂದಾಗು ಅಂತ ಯೇಸುಸ್ವಾಮಿ ಮತ್ತಾಯನ 5ನೆಯ ಅಧ್ಯಾಯದಲ್ಲಿ ಹೇಳುತ್ತಾರೆ. ನನಗೆ ನೆನಪಾಗಿತ್ತು. ಮರೆತೆ ಅನ್ನಲು ದಾರಿ ಇರಲಿಲ್ಲ.

ಮರುದಿನವೇ ನವಲೂರಿನಲ್ಲಿ ಗಾಡಿ ನಿಲ್ಲಿಸಿದೆ. ಪೇರಲದ ಸುಗ್ಗಿ ಮುಗಿಯುತ್ತ ಬಂದಿತ್ತು. ಸಾಲಿನಲ್ಲಿ ಎರಡೋ ಮೂರೋ ಬುಟ್ಟಿ ಉಳಿದಿದ್ದವು, ಅವಳು ಕೂಡುತ್ತಿದ್ದ ಜಾಗ ಖಾಲಿ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು "ಆಯಿ ತ್ವಾಟದ ಹಣ್ಣ ತೀರ್ಯಾವ್ರಿ. ಇನ್ನ ಬರೂ ಸುಗ್ಗಿಗೇ" ಅಂದಳು. ಮೊಣಕಾಲಿಗೆ ಪೆಟ್ಟಾಗಿತ್ತೇನು ಅಂತ ಕೇಳುವಷ್ಟು ಧೈರ್ಯ ಬರಲಿಲ್ಲ. ಒಂದು ಕಿಲೋ ಹಣ್ಣು ಕೊಂಡು ಹೊರಟೆ, ಆ ಹಣ್ಣು ಗಂಟಲಲ್ಲಿ ಇಳಿಯಲಿಲ್ಲ.

ನಮ್ಮ ಸಭಾಪಾಲಕರು, ನಾವು ಅಯ್ನೋರು ಅನ್ನುವವರು, ಆ ವಾರದ ಗೃಹಕೂಟದ ಪ್ರಾರ್ಥನೆಯಲ್ಲಿ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆ ತೆಗೆದುಕೊಂಡಿದ್ದರು. ಆತ್ಮನಿಂದ ಉಂಟಾಗುವ ಫಲ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. ಚಿಕ್ಕವರಿದ್ದಾಗ ಬಾಯಿಪಾಠ ಮಾಡಿ ಬಹುಮಾನ ತೆಗೆದುಕೊಂಡ ಒಂಬತ್ತು ಶಬ್ದ. ಅಯ್ನೋರು ನಾಲ್ಕನೆಯ ಶಬ್ದದ ಹತ್ತಿರ ನಿಂತರು. ಗ್ರೀಕ್ ಮೂಲದಲ್ಲಿ ಅದು ಮಕ್ರೊಥುಮಿಯ. ಮಕ್ರೊಸ್ ಅಂದರೆ ಉದ್ದ, ಥುಮೊಸ್ ಅಂದರೆ ಒಳಗಿನಿಂದ ಉಕ್ಕಿ ಬರುವ ಕಾವು, ಸಿಟ್ಟು. ಅಂದರೆ ಸಿಟ್ಟೇ ಇಲ್ಲದವನು ಅಂತಲ್ಲ, ಯಾರ ಸಿಟ್ಟು ಬಹಳ ದೂರದ ದಾರಿ ನಡೆದು ಬರಬೇಕೋ ಅಂಥವನು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ ಪ್ರೀತಿಗೆ ಹೇಳುವ ಮೊದಲ ಗುಣವೂ ಇದೇ, ಅದರ ಬೆನ್ನಿಗೇ ದಯೆ. ವಿಮೋಚನಕಾಂಡದಲ್ಲಿ ದೇವರು ಮೋಶೆಯ ಮುಂದೆ ಹಾದುಹೋಗುವಾಗ ತನ್ನನ್ನು ತಾನೇ ಕರೆದುಕೊಳ್ಳುವ ಹೆಸರುಗಳಲ್ಲೂ ದೀರ್ಘಶಾಂತನು ಅಂತ ಇದೆ. ಕನ್ನಡದಲ್ಲಿ ಈ ಶಬ್ದ ತಂದವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ತಾಳ್ಮೆ ಅಂದರೆ ನನಗೆ ಹಲ್ಲು ಕಚ್ಚಿ ತಡೆದುಕೊಳ್ಳುವುದು ಅಂತ ಅನಿಸುತ್ತಿತ್ತು. ದೀರ್ಘಶಾಂತಿಯಲ್ಲಿ ಹಲ್ಲು ಕಚ್ಚುವ ಸದ್ದಿಲ್ಲ.

ಆದರೆ ಮೊದಲ ವಾರ ನಾನು ಮಾಡಿದ್ದು ಹಲ್ಲು ಕಚ್ಚಿದ್ದೇ. ಟೋಲ್‌ನಾಕಾ ಹತ್ತಿರದ ನಮ್ಮ ಮನೆಯಿಂದ ಕೇಶ್ವಾಪುರಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ಚಿಗರಿ ಬಸ್ಸುಗಳಿಗೆ ನಡುವೆ ಪ್ರತ್ಯೇಕ ದಾರಿ. ಉಳಿದವರೆಲ್ಲ, ಕಾರು, ಆಟೋ, ಮೇವಿನ ಟ್ರ್ಯಾಕ್ಟರ್, ಊರೂರ ಬಸ್ಸು, ಹಾಲಿನ ಗಾಡಿ, ಬದಿಯ ದಾರಿಯಲ್ಲಿ. ನವನಗರದ ಹತ್ತಿರ ಒಬ್ಬ ಹುಡುಗ ಬೈಕಿನಲ್ಲಿ ಎಡಗಡೆಯಿಂದ ನುಗ್ಗಿ ಕಟ್ ಹೊಡೆದ. ಹಾರ್ನ್ ಮುಟ್ಟಲಿಲ್ಲ. ಬಾಯಿ ಬಿಡಲಿಲ್ಲ. ಸ್ಟೇರಿಂಗ್ ಹಿಡಿದ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಆಫೀಸಿಗೆ ಹೋಗಿ ಆ ಸಿಟ್ಟನ್ನು ಜವಾನನ ಮೇಲೆ ತೀರಿಸಿದೆ. ಚಹಾ ತಡವಾಗಿ ತಂದ ಅಂತ. ರಸ್ತೆಯ ಸಿಟ್ಟು ರಸ್ತೆಯಲ್ಲೇ ಸಾಯುವುದಿಲ್ಲ, ಗಾಡಿಯಿಂದ ಇಳಿದು ನಮ್ಮ ಜೊತೆಗೇ ಒಳಗೆ ಬರುತ್ತದೆ.

ನನ್ನ ಕೆಲಸ ಲೆಕ್ಕಪತ್ರದ್ದು, ಹಾಗಾಗಿ ಕೂತು ಲೆಕ್ಕ ಹಾಕಿದೆ. ಇಪ್ಪತ್ತು ಕಿಲೋಮೀಟರ್ ದಾರಿಯನ್ನು ಗಂಟೆಗೆ 60ರ ವೇಗದಲ್ಲಿ ಹೋದರೆ 20 ನಿಮಿಷ, 50ರಲ್ಲಿ ಹೋದರೆ 24. ಅದೂ ರಸ್ತೆ ಪೂರ್ತಿ ಖಾಲಿ ಇದ್ದರೆ. ನಾಲ್ಕೇ ನಿಮಿಷಕ್ಕಾಗಿ ನಾನು ಇಷ್ಟು ವರ್ಷ ಮುಂದಿನ ಗಾಡಿಗಳ ಬೆನ್ನು ಹತ್ತಿದ್ದೆ. ತಡವಾಗುತ್ತಿದ್ದದ್ದು ರಸ್ತೆಯಲ್ಲಿ ಅಲ್ಲ, ಮನೆಯಲ್ಲಿ. ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಮಗಳ ಸಮವಸ್ತ್ರ ಇಸ್ತ್ರಿ ಮಾಡಿ, ಕೀಲಿ ಹುಡುಕಿ ಹೊರಬೀಳುವಾಗಲೇ ಹದಿನೈದು ನಿಮಿಷ ತಡ. ಆ ಹದಿನೈದು ನಿಮಿಷದ ಸಾಲವನ್ನು ದಾರಿಯಲ್ಲಿ ಸಿಕ್ಕವರಿಂದ ವಸೂಲಿ ಮಾಡಲು ಹೋಗುತ್ತಿದ್ದೆ. ಎರಡನೆಯ ವಾರದಿಂದ ಇಸ್ತ್ರಿ ರಾತ್ರಿಯೇ ಮುಗಿಯಿತು, ಪಲ್ಯದ ಕಾಯಿ ರಾತ್ರಿಯೇ ಹೆಚ್ಚಿಟ್ಟೆ, ಒಂಬತ್ತರ ಬದಲು ಎಂಟೂ ನಲವತ್ತಕ್ಕೆ ಹೊರಟೆ. ದೇವರ ಆತ್ಮನ ಫಲಕ್ಕೂ ಇಸ್ತ್ರಿಪೆಟ್ಟಿಗೆಗೂ ಏನು ಸಂಬಂಧ ಅಂತ ಕೇಳಬಹುದು. ನನ್ನ ಅನುಭವದಲ್ಲಿ ಬಹಳ ಸಂಬಂಧ ಇದೆ. ಆತುರದಲ್ಲಿದ್ದವಳು ಎಷ್ಟು ಪ್ರಾರ್ಥಿಸಿದರೂ ಎದುರಿನವರು ಅವಳಿಗೆ ಅಡ್ಡಿಯಾಗಿಯೇ ಕಾಣುತ್ತಾರೆ.

ಗಾಡಿ ಚಾಲೂ ಮಾಡುವ ಮೊದಲು ಕರ್ತನ ಪ್ರಾರ್ಥನೆ ಹೇಳುವುದನ್ನು ರೂಢಿ ಮಾಡಿಕೊಂಡೆ. ಕೀಲಿ ತಿರುಗಿಸದೆ, ಕೈ ತೊಡೆಯ ಮೇಲಿಟ್ಟು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಅನ್ನುವಲ್ಲಿ ನಾಲಿಗೆ ತಡವರಿಸುತ್ತಿತ್ತು. ಇನ್ನೂ ಯಾರೂ ತಪ್ಪು ಮಾಡಿಲ್ಲ, ಗೇಟು ಸಹ ದಾಟಿಲ್ಲ. ಉಣಕಲ್ ಮುಟ್ಟುವಷ್ಟರಲ್ಲಿ ಮಾಡುತ್ತಾರೆ, ಅವರನ್ನು ಈಗಲೇ ಕ್ಷಮಿಸಿ ಹೊರಡು ಅಂತ ಕೇಳಿದಂತಿತ್ತು.

ಈ ಕ್ಷಮೆಯ ವಿಷಯದಲ್ಲಿ ನಾನು ಒಂದು ದೊಡ್ಡ ತಪ್ಪು ದಾರಿ ಹಿಡಿದಿದ್ದೆ. ಯಾರಾದರೂ ಅಡ್ಡ ನುಗ್ಗಿದರೆ ಅವರಿಗೊಂದು ಕಾರಣ ಕಲ್ಪಿಸುತ್ತಿದ್ದೆ: ಪಾಪ, ಮನೆಯಲ್ಲಿ ಯಾರಿಗೋ ಆರಾಮಿಲ್ಲ, ದವಾಖಾನೆಗೆ ಓಡುತ್ತಿದ್ದಾನೆ, ಪರೀಕ್ಷೆಗೆ ತಡವಾಗಿದೆ. ಇದು ಬಹಳ ದಿನ ಚೆನ್ನಾಗಿ ನಡೆಯಿತು. ಭೈರಿದೇವರಕೊಪ್ಪದ ಹತ್ತಿರ ಒಂದು ದಿನ ಒಬ್ಬ ಕಾರಿನವನು ನನ್ನನ್ನು ಡಿವೈಡರಿಗೆ ಒತ್ತಿ ಮುಂದೆ ಹೋದ. ಪಾಪ, ಏನೋ ಅವಸರ ಅಂದುಕೊಂಡೆ. ನೂರು ಮೀಟರ್ ಮುಂದೆ ಪಾನ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಕಾಲು ಹೊರಗೆ ಚಾಚಿ, ಗೆಳೆಯರ ಜೊತೆ ನಗುತ್ತ ನಿಂತಿದ್ದ. ಯಾವ ಕಾರಣವೂ ಇರಲಿಲ್ಲ. ನನ್ನ ಸಹನೆ ಅಷ್ಟೂ ಅಲ್ಲೇ ಕುಸಿಯಿತು. ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಕಾರಣ ಇದ್ದವರನ್ನು ಬಿಡುವುದು ವಿನಾಯಿತಿ. ನಮ್ಮ ಆಫೀಸಿನಲ್ಲೂ ದಾಖಲೆ ತೋರಿಸಿದರೆ ದಂಡ ಬಿಡುತ್ತಾರೆ. ಕ್ಷಮೆ ಬೇಕಾಗುವುದು ತೋರಿಸಲು ದಾಖಲೆಯೇ ಇಲ್ಲದವನಿಗೆ. ನವಲೂರಿನಲ್ಲಿ ಆ ಎಂಟು ಸೆಕೆಂಡಿಗೆ ನನ್ನ ಹತ್ತಿರ ಯಾವ ದಾಖಲೆ ಇತ್ತು?

ಅದರ ನಂತರ ಕಾರಣ ಕಲ್ಪಿಸುವುದನ್ನು ಬಿಟ್ಟೆ. ನಂಬರ್ ಪ್ಲೇಟ್ ನೋಡಿ, "ಸ್ವಾಮೀ, ಇವನು ಸಂಜೆ ಮನೆ ಮುಟ್ಟಲಿ" ಅಂತ ಒಂದೇ ಸಾಲು ಪ್ರಾರ್ಥಿಸತೊಡಗಿದೆ. ಮೊದಮೊದಲು ಅದರಲ್ಲಿ ಪ್ರಾಣ ಇರಲಿಲ್ಲ, ತುಟಿಯಿಂದ ಬರುತ್ತಿತ್ತು. ಒಂದು ಸಂಜೆ ಬೈಪಾಸಿನಲ್ಲಿ ಅದು ನಿಜವಾಗಿ ಬಂತು. ಕೆಲಸದ ಮೇಲೆ ಗಬ್ಬೂರಿನ ಕಡೆ ಹೋಗಿದ್ದೆ, ವಾಪಸು ಧಾರವಾಡಕ್ಕೆ ಬೈಪಾಸ್ ಹಿಡಿದೆ. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಬರುವವರಿಗೂ ಹೋಗುವವರಿಗೂ ಇದ್ದದ್ದು ಒಂದೇ ಹಾಸು, ನಡುವೆ ಬಿಳಿ ಗೆರೆ ಮಾತ್ರ. ಇಟಿಗಟ್ಟಿಯ ಹತ್ತಿರ ಬಂದಾಗ ಮೈ ಜುಮ್ಮೆಂದಿತು. 2021ರ ಜನವರಿ 15ರ ಬೆಳಿಗ್ಗೆ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಗಾಡಿ ಅಪಘಾತಕ್ಕೆ ಸಿಕ್ಕಿದ್ದು ಅಲ್ಲೇ. ನನ್ನ ವಯಸ್ಸಿನ ಹೆಣ್ಣುಮಕ್ಕಳು. ಎದುರಿನಿಂದ ಬರುವ ಪ್ರತಿ ಲಾರಿಯ ದೀಪ ಕಣ್ಣಿಗೆ ಚುಚ್ಚುತ್ತಿತ್ತು. ನನ್ನ ಹಳೆಯ ಪದ್ಧತಿ, ಅವರು ಡಿಮ್ ಮಾಡುವವರೆಗೂ ನಾನೂ ಮಾಡುವುದಿಲ್ಲ. ಅವತ್ತು ಮೊದಲು ನಾನೇ ಇಳಿಸಿದೆ. ಕೆಲವರು ಇಳಿಸಿದರು, ಕೆಲವರು ಇಳಿಸಲಿಲ್ಲ. ಒಬ್ಬೊಬ್ಬ ಡ್ರೈವರ್ ಹಾದುಹೋದಾಗಲೂ ಈ ಮನುಷ್ಯ ಮನೆ ಮುಟ್ಟಲಿ ಅಂತ ಅಂದುಕೊಂಡೆ. ಮುಖ ಕಾಣದು, ಅವನಿಗೆ ನಾನು ಯಾರೆಂದು ತಿಳಿಯದು. ನರೇಂದ್ರ ಊರು ಬರುವಷ್ಟರಲ್ಲಿ ಕಣ್ಣಲ್ಲಿ ನೀರು ತುಂಬಿತ್ತು.

ದಯೆ ತೋರಿಸಲು ಹೋಗಿ ಅಪಾಯ ತಂದದ್ದೂ ಇದೆ, ಅದನ್ನು ಮುಚ್ಚಿಡಬಾರದು. ಮಾರ್ಚ್ ಮೊದಲ ವಾರ ರಾಯಾಪುರದಲ್ಲಿ ಒಬ್ಬ ಶಾಲೆ ಹುಡುಗ ರಸ್ತೆ ದಾಟಲು ಕಾಯುತ್ತಿದ್ದ. ನಾನು ಬ್ರೇಕ್ ಹಾಕಿ ನಿಂತು, ಹೋಗಪ್ಪಾ ಅಂತ ಕೈ ಮಾಡಿದೆ. ಅವನು ನನ್ನ ಕೈ ನಂಬಿ ಓಡಿದ. ನನ್ನ ಬಲಗಡೆಯಿಂದ ಒಂದು ಬೈಕ್ ವೇಗವಾಗಿ ಬಂತು. ಅದರ ಟೈರ್ ಕಿರುಗುಟ್ಟಿದ್ದು, ಹುಡುಗನ ಚೀಲಕ್ಕೆ ಹ್ಯಾಂಡಲ್ ತಾಗಿ ನೀರಿನ ಬಾಟಲಿ ಹಾರಿಬಿದ್ದದ್ದು ಒಂದೇ ಕ್ಷಣ. ಹುಡುಗನಿಗೆ ಏನೂ ಆಗಲಿಲ್ಲ, ದೇವರ ಕೃಪೆ. ನನಗೆ ಕೈಕಾಲು ನಡುಗುತ್ತಿದ್ದವು. ಅಪ್ಪ ಪಕ್ಕದಲ್ಲೇ ಇದ್ದರು. ಬೈಯಲಿಲ್ಲ. "ನೀ ನಿಲ್ಲತಿ ಅಂತ ಹಿಂದಿನಂವಗ ಗೊತ್ತಿರಬೇಕು. ಹಳದಿ ಬಿದ್ದ ಮ್ಯಾಲ ಕೆಂಪು ಬೀಳತೈತಿ, ಏಕ್‌ದಂ ಕೆಂಪು ಬೀಳಂಗಿಲ್ಲ. ಕನ್ನಡಿ ನೋಡು, ಮೆಲ್ಲಕ ಬ್ರೇಕ್ ಒತ್ತು, ಹಿಂದಿನಾವ್ರೂ ನಿಂತ್ರ ಅಂತ ನೋಡು. ಆಮ್ಯಾಲ ಕೈ ಮಾಡು" ಅಂದರು. ಮುಂದಿನ ಗಾಡಿಗೂ ನಮಗೂ ಮೂರು ಸೆಕೆಂಡಿನ ಅಂತರ ಇಡುವುದನ್ನೂ ಅವರೇ ಕಲಿಸಿದರು. ಮುಂದಿನವನು ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡಬೇಕು, ಮೂರು ಮುಗಿಯುವ ಮೊದಲು ನಾವು ಆ ಕಂಬ ಮುಟ್ಟಬಾರದು. ಗಂಟೆಗೆ 60ರ ವೇಗದಲ್ಲಿ ಅದು 50 ಮೀಟರ್. ಆ ಜಾಗದಲ್ಲಿ ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ. ನುಗ್ಗಲಿ, ಮತ್ತೆ ಹಿಂದೆ ಸರಿದು ಮೂರು ಎಣಿಸು ಅನ್ನುತ್ತಾರೆ ಅಪ್ಪ. ನನಗೆ ಇದಕ್ಕಿಂತ ಕಷ್ಟದ ಸಾಧನೆ ಇರಲಿಲ್ಲ. ಬಿಟ್ಟ ಜಾಗವನ್ನು ಇನ್ನೊಬ್ಬ ತೆಗೆದುಕೊಂಡಾಗ ಹೊಟ್ಟೆಯಲ್ಲಿ ಒಂದು ಉರಿ ಏಳುತ್ತದೆ, ನನ್ನ ಆಸ್ತಿ ಕಿತ್ತುಕೊಂಡಂತೆ.

ಅಪ್ಪನನ್ನು ಒಮ್ಮೆ ಕೇಳಿದೆ, ನಿಮಗೆ ಸಿಟ್ಟು ಬರುತ್ತಿರಲಿಲ್ಲವೇ ಅಂತ. "ಒಮ್ಮೊಮ್ಮೆ ಸ್ಟೇಶನ್ ಹೊರಗ, ಔಟರಿನಾಗ, ಅರ್ಧ ತಾಸು ಗಾಡಿ ನಿಲ್ಲಸ್ತಿದ್ರು. ಹಿಂದ ಸಾವಿರ ಮಂದಿ ಕುಂತಿರತಿದ್ರು. ಮುಂದ ಯಾಕ ನಿಲ್ಲಸ್ಯಾರ ನನಗ ಗೊತ್ತಿಲ್ಲ, ಆದ್ರ ಗೊತ್ತಿದ್ದಾಂವ ಒಬ್ಬಾಂವ ಅಲ್ಲಿ ಕುಂತಾನ. ಅಷ್ಟ ನಂಬತಿದ್ದೆ" ಅಂದರು. ಅದೇ ಹುಬ್ಬಳ್ಳಿ, ಉಣಕಲ್, ಅಮರಗೋಳ, ನವಲೂರು, ಧಾರವಾಡದ ದಾರಿ. ಅವರು ಹಳಿಯ ಮೇಲೆ ಹೋದದ್ದು, ನಾನು ಡಾಂಬರಿನ ಮೇಲೆ.

ಸೋತ ದಿನಗಳೂ ಬಹಳ. ಚನ್ನಮ್ಮ ಸರ್ಕಲ್ ಕಡೆಗೆ ಫ್ಲೈಓವರಿನ ಕೆಲಸದಿಂದ ದಾರಿ ಇಕ್ಕಟ್ಟಾಗಿತ್ತು. ಮಾರ್ಚ್ ಬಿಸಿಲಲ್ಲಿ ಇಪ್ಪತ್ತು ನಿಮಿಷ ನಿಂತ ಮೇಲೆ ಒಬ್ಬ ಆಟೋದವನು ರಾಂಗ್ ಸೈಡಿನಿಂದ ಬಂದು ಮೂತಿ ತೂರಿಸಿದ. ಕಿಟಕಿ ಇಳಿಸಿ ಕೂಗಿದೆ. ಯಾವ ಮಾತು ಅಂತ ಇಲ್ಲಿ ಬರೆಯುವಂತಿಲ್ಲ. ಅವನು ತಿರುಗಿ ನನ್ನ ಮುಖ ನೋಡಲಿಲ್ಲ, ಆಟೋ ದಾಟಿಸಿದ ಮೇಲೆ ಕನ್ನಡಿಯಲ್ಲಿ ನನ್ನ ಗಾಡಿಯ ಗಾಜು ನೋಡಿದ. ನನ್ನ ಗಾಜಿನ ಮೇಲೆ ಶಿಲುಬೆ ಇದೆ, ಹಿಂದಿನ ಗಾಜಿಗೆ "ಯೆಹೋವನು ನನಗೆ ಕುರುಬನು" ಅಂತ ಬರೆಸಿದ್ದೇವೆ. ಆ ಸಂಜೆ ಸ್ಟಿಕ್ಕರ್ ಕೆರೆದು ತೆಗೆಯಲು ಬ್ಲೇಡ್ ತಂದಿದ್ದೆ. ಹೆಸರು ಹಚ್ಚಿಕೊಂಡು ಇಂಥ ನಡತೆ ಬೇಡ ಅಂತ. ಒಂದು ಮೂಲೆ ಎಬ್ಬಿಸಿದೆ. ಆಮೇಲೆ ಕೈ ನಿಂತಿತು. ತೆಗೆದರೆ ನಾಳೆ ಬೈಯಲು ಇನ್ನೂ ಸಸಾರ ಆಗುತ್ತದೆ. ಎಬ್ಬಿಸಿದ ಮೂಲೆಯನ್ನು ಬೆರಳಿಂದ ಒತ್ತಿ ಕೂಡಿಸಿದೆ. ಅದು ಇನ್ನೂ ಸ್ವಲ್ಪ ಎದ್ದೇ ಇದೆ.

ಇನ್ನೊಂದು ಸೋಲು ಕಣ್ಣಿಗೆ ಕಾಣದ್ದು. ದಾರಿ ಬಿಟ್ಟುಕೊಟ್ಟಾಗ ಅವರು ಕೈ ಎತ್ತುತ್ತಾರೇನು ಅಂತ ನೋಡತೊಡಗಿದ್ದೆ. ಎತ್ತದಿದ್ದರೆ ಮನಸ್ಸು ಮುರಿಯುತ್ತಿತ್ತು. ನಾನು ಕೊಡುತ್ತಿದ್ದದ್ದು ದಾರಿಯಲ್ಲ, ಕೈಗಡ. ಇದನ್ನು ಗೃಹಕೂಟದಲ್ಲಿ ಬಾಯಿಬಿಟ್ಟು ಹೇಳಿದೆ. ಹೇಳಿದ ಮೇಲೆ ಹಗುರಾಯಿತು. ಅಲ್ಲಿದ್ದ ಒಬ್ಬ ಅಕ್ಕ, ಸ್ಕೂಟಿಯಲ್ಲಿ ಓಡಾಡುವವರು, ತಾವು ಕಾರಿನವರನ್ನು ಕಂಡರೆ ಹೇಗೆ ಶಪಿಸುತ್ತಿದ್ದೆವು ಅಂತ ಹೇಳಿದರು. ಅವರ ಕಣ್ಣಿನಿಂದ ನನ್ನ ಗಾಡಿ ಹೇಗೆ ಕಾಣುತ್ತದೆ ಅಂತ ನಾನು ಅದುವರೆಗೂ ಯೋಚಿಸಿರಲಿಲ್ಲ. ನಿಂತ ಕೆಸರು ನೀರಿನಲ್ಲಿ ಕಾರು ಜೋರಾಗಿ ಹೋದರೆ ಅವರ ಸೀರೆಯ ಗತಿ ಏನಾಗುತ್ತದೆ ಅಂತ ಸಹ. ಈಗ ಮಳೆಗಾಲದಲ್ಲಿ ನೀರು ಕಂಡರೆ ಎರಡನೆಯ ಗೇರಿಗೆ ಇಳಿಸುತ್ತೇನೆ.

ಪವಿತ್ರ ವಾರದ ಮಂಗಳವಾರ ನವನಗರ ದಾಟಿದ ಮೇಲೆ ಒಬ್ಬ ಹುಡುಗ ಸ್ಕೂಟರಿನಿಂದ ಬಿದ್ದಿದ್ದ. ಜನ ಸುತ್ತ ನಿಂತಿದ್ದರು, ಮೊಬೈಲ್ ಎತ್ತಿದ್ದರು. ಹಳೆಯ ನಾನಾಗಿದ್ದರೆ ಜನ ಸರಿಯಲಿ ಅಂತ ಹಾರ್ನ್ ಹೊಡೆಯುತ್ತಿದ್ದೆ. ಗಾಡಿ ಬದಿಗೆ ಹಾಕಿ, ನಾಲ್ಕೂ ಇಂಡಿಕೇಟರ್ ಹಚ್ಚಿ ಇಳಿದೆ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೂ ಅವನ ಪಕ್ಕ ಕೂತು, ಕುತ್ತಿಗೆ ಅಲುಗಿಸಬೇಡಪ್ಪಾ ಅಂತ ಹೇಳುತ್ತಿದ್ದೆ. ಅವನು ನನ್ನ ಕೈಬೆರಳು ಗಟ್ಟಿ ಹಿಡಿದಿದ್ದ. ನಿಂತವರೊಬ್ಬರು "ಅಕ್ಕಾರ, ಸುಮ್ನ ಕೇಸಿನ್ಯಾಗ ಸಿಕ್ಕೊಂತೀರಿ" ಅಂದರು. ಆ ಹೆದರಿಕೆ ನನಗೂ ಇತ್ತು. ಆದರೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 134ಎ ಕಲಂ ಸೇರಿದೆ. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳು ಅಂತ ಒತ್ತಾಯಿಸುವಂತಿಲ್ಲ. ಆ ಕಲಮಿನಲ್ಲಿ ಅಂಥವರಿಗೆ ಇಟ್ಟ ಹೆಸರು ಗುಡ್ ಸಮಾರಿಟನ್. ಲೂಕನ 10ನೆಯ ಅಧ್ಯಾಯದ ಸಮಾರ್ಯದವನು. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ಅವನು ನೆರವಾದ, ಅವನಿಗಿಂತ ಮೊದಲು ಬಂದ ಯಾಜಕನೂ ಲೇವಿಯನೂ ಪಕ್ಕಕ್ಕೆ ಸರಿದು ಹೋದರು, ಅವರಿಗೂ ಹೊತ್ತಾಗಿತ್ತೋ ಏನೋ. ಆ ದಿನ ಆಫೀಸು ಮುಟ್ಟಿದಾಗ ಹನ್ನೊಂದು ಗಂಟೆ. ರಜೆ ಕಡಿತವಾಯಿತು. ಹುಡುಗನ ತಾಯಿ ಎರಡು ದಿನದ ನಂತರ ಫೋನ್ ಮಾಡಿ ಕಾಲರ್‌ಬೋನ್ ಮುರಿದಿದೆ, ಬೇರೆ ಏನಿಲ್ಲ ಅಂದರು.

ಮಾರ್ಚ್ 31ಕ್ಕೆ ಈಸ್ಟರ್. ಲೆಂಟ್ ಮುಗಿಯಿತು, ಮನೆಯಲ್ಲಿ ಮಟನ್ ಬೆಂದಿತು. ನನ್ನ ಕೆಲಸ ಮುಗಿದಿರಲಿಲ್ಲ. ನವಲೂರಿನ ಆ ಜಾಗದಲ್ಲಿ ಬೇಸಗೆಯಲ್ಲಿ ಕಲ್ಲಂಗಡಿ ಬಂತು, ಆಮೇಲೆ ಮಾವು, ಮಳೆಗೆ ಖಾಲಿ. ಪ್ರತಿ ದಿನ ಅಲ್ಲಿ ವೇಗ ಇಳಿಸಿ ನೋಡುತ್ತಿದ್ದೆ. ಹಾರ್ನ್ ಮುಟ್ಟದೆ ಇರುವುದು ಅಷ್ಟರಲ್ಲಿ ಸ್ವಲ್ಪ ಸುಲಭವಾಗಿತ್ತು. ವಾರಕ್ಕೊಮ್ಮೆಯಾದರೂ ಒಳಗೆ ಹಳೆಯ ಕಾವು ಏಳುತ್ತಿತ್ತು, ಈಗಲೂ ಏಳುತ್ತದೆ.

ನವೆಂಬರ್ ಕೊನೆಗೆ ಆಯಿ ಬಂದಳು. ಅದೇ ಜಾಗ, ಅದೇ ಬುಟ್ಟಿ, ಮೇಲೆ ಹಸಿ ಎಲೆ ಹಾಸಿದ ಹಣ್ಣು. ಗಾಡಿ ದೂರ ನಿಲ್ಲಿಸಿ ನಡೆದು ಹೋದೆ. ಎದೆ ಹೊಡೆದುಕೊಳ್ಳುತ್ತಿತ್ತು. ಎದುರಿಗೆ ಕುಕ್ಕರಗಾಲಲ್ಲಿ ಕೂತೆ. "ಆಯಿ, ಹ್ವಾದ ಸುಗ್ಗಿಯೊಳಗ ನಿಮ್ಮ ಬುಟ್ಟಿ ಉಳ್ಳಿತ್ತು. ಹಣ್ಣ ಆರಸ್ತಿದ್ರಿ. ಆವಾಗ ಹಿಂದಿನಿಂದ ಹಾರ್ನ್ ಹೊಡದಾಕಿ ನಾನು. ನಿಮ್ಮ ಮೊಣಕಾಲಿಗೆ ಪೆಟ್ಟಾತು. ನಾ ನಿಲ್ಲಲಿಲ್ಲ. ತಪ್ಪಾತು, ನನ್ನ ಕ್ಷಮಿಸ್ರಿ" ಅಂದೆ.

ಆಯಿಗೆ ನೆನಪಿತ್ತು. ಚೆನ್ನಾಗಿ ನೆನಪಿತ್ತು. "ಬಿಳೀ ಕಾರು. ಹಿಂದ ಕನ್ನಡದಾಗ ಬರಿಸಿದ್ದು. ನೀನೇನವ್ವಾ?" ಅಂದವಳೇ ಶುರುಮಾಡಿದಳು. ಹದಿನೈದು ದಿನ ಕಾಲು ಮಡಚಲು ಬರಲಿಲ್ಲವಂತೆ. ಬುಟ್ಟಿ ಹೊರಲು ಮೊಮ್ಮಗನ ಸಾಲೆ ಬಿಡಿಸಬೇಕಾಯಿತಂತೆ. ಅರ್ಧ ಬುಟ್ಟಿ ಹಣ್ಣು ಜಜ್ಜಿ ಹೋದವಂತೆ. "ನನಗ ಎಡಗಿವಿ ಕೇಳಸೂದಿಲ್ಲ. ಸಣ್ಣ ಹಾರ್ನ್ ಹೊಡದಿದ್ದೀಯೋ ಇಲ್ಲೋ ನನಗೇನ ಗೊತ್ತು? ಒಮ್ಮಿಗೇ ಸಿಡ್ಲ ಬಡಧಂಗ ಆತು. ನಿನಗೂ ಮನ್ಯಾಗ ಒಬ್ಬಾಕಿ ಮುದುಕಿ ಇರಬೇಕಲ್ಲ? ಆಕೀಗೆ ಹಿಂಗ ಹೊಡೀತೀಯೇನು? ಕಾರಿನ್ಯಾಗ ಕುಂತ್ರ ಕಣ್ಣ ಹೋಗತಾವೇನು?" ಪಕ್ಕದ ಬುಟ್ಟಿಯವರು ತಿರುಗಿ ನೋಡಿದರು. ಇಬ್ಬರು ಗಿರಾಕಿಗಳು ಬಂದರು, ಆಯಿ ಅವರಿಗೆ ತೂಗಿ ಕೊಟ್ಟು, ದುಡ್ಡು ಎಣಿಸಿ ಚೀಲಕ್ಕೆ ಹಾಕಿ, ಮತ್ತೆ ಬಿಟ್ಟಲ್ಲಿಂದ ಹಿಡಿದಳು. ನಾನು ಎದ್ದೇಳಲಿಲ್ಲ. ಒಂದು ಮಾತಿಗೂ ಎದುರಾಡಲಿಲ್ಲ. ಎದುರಾಡಲು ನನ್ನಲ್ಲಿ ಏನೂ ಇರಲಿಲ್ಲ. ಹಣದ ಮಾತು ಎತ್ತಿದೆ, ಆ ದಿನ ಹಾಳಾದ ಹಣ್ಣಿನದ್ದು ಕೊಡುತ್ತೇನೆ ಅಂತ. ಆಯಿ ಕೈ ಅಡ್ಡ ಹಿಡಿದಳು. "ಆಗಿಂದು ಆಗ ಹೋತು. ಈಗ ಹಣ್ಣ ಬೇಕೇನು ನಿನಗ?"

"ಎರಡು ಕಿಲೋ ಕೊಡ್ರಿ ಆಯಿ."

ಆಯಿ ತಕ್ಕಡಿ ಎತ್ತಿದಳು. ಗಟ್ಟಿ ಹಣ್ಣು ಬೇರೆ, ಇವತ್ತೇ ತಿನ್ನುವಂಥವು ಬೇರೆ ಅಂತ ಆರಿಸಿ ಹಾಕಿದಳು. ಮುಳ್ಳು ನಡುವಿಗೆ ಬಂದು ನಿಂತಿತು. ಚೀಲಕ್ಕೆ ಸುರಿದು ಬಾಯಿ ಕಟ್ಟುವ ಮೊದಲು ಬುಟ್ಟಿಯಿಂದ ಇನ್ನೊಂದು ಹಣ್ಣು ತೆಗೆದು, ಸೆರಗಿಗೆ ಒರೆಸಿ, ಕೊಸರು ಹಾಕಿದಳು.